ಓದುಗರ ಪ್ರಶ್ನೆ: ಕೆಂಪು ಮುಚ್ಚಳದ ಸಿರಿಂಜು ಮತ್ತು ಕಾರಣ ಕೇಳಿ ನೋಟಿಸು

ಪ್ರಶ್ನೆ: ಕೊಡಗಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಆರು ವರ್ಷಗಳಿಂದ ಶುಶ್ರೂಷಾಧಿಕಾರಿಯಾಗಿದ್ದೇನೆ. ಹೆಚ್ಚು ಕಾಲ ಹೆರಿಗೆ ವಾರ್ಡಿನಲ್ಲೇ ಕೆಲಸ ಮಾಡಿದವಳು. ಕಳೆದ ಕಕ್ಕಡದ ಮಳೆಯಲ್ಲಿ ರಸ್ತೆಗೆ ಮರ ಬಿದ್ದು ಸಹೋದ್ಯೋಗಿಯೊಬ್ಬರು ಬರಲಾಗದಿದ್ದಾಗ, ಆ ರಾತ್ರಿ ಮೆಡಿಕಲ್ ವಾರ್ಡನ್ನೂ ನನಗೇ ವಹಿಸಿದರು. ತೋಟದ ರೈಟರ್ ಆಗಿ ನಿವೃತ್ತರಾದ ಹಿರಿಯರೊಬ್ಬರಿಗೆ ಮಲಗುವ ಹೊತ್ತಿಗೆ 16 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ಮನೆಯವರು ಹೊರಗಿನ ಮೆಡಿಕಲ್ ಶಾಪಿನಿಂದ ತಂದಿದ್ದ ಸೀಸೆಯಿಂದ, ವಾರ್ಡಿನಲ್ಲಿದ್ದ ಸಿರಿಂಜಿನಲ್ಲಿ 16ರ ಗೆರೆಯವರೆಗೆ ಎಳೆದು ಕೊಟ್ಟೆ. ಬೆಳಗಿನ ಜಾವ ನಾಲ್ಕಕ್ಕೆ ಅವರು ಬೆವರಿ ಒದ್ದೆಯಾಗಿದ್ದರು, ಸಕ್ಕರೆ 44ಕ್ಕೆ ಇಳಿದಿತ್ತು. ಡ್ಯೂಟಿ ಡಾಕ್ಟರನ್ನು ಕರೆದು ಡೆಕ್ಸ್‌ಟ್ರೋಸ್ ಕೊಡಿಸಿದೆ, ಚೇತರಿಸಿಕೊಂಡರು. ಈಗ ನನಗೆ 'ಕರ್ತವ್ಯಲೋಪ ಹಾಗೂ ವೃತ್ತಿ ಸಾಮರ್ಥ್ಯದ ಕೊರತೆ' ಎಂದು ಕಾರಣ ಕೇಳಿ ನೋಟಿಸು ಬಂದಿದೆ. ತಪ್ಪೊಪ್ಪಿಕೊಂಡರೆ ಕೆಲಸ ಹೋಗುತ್ತದೆಯೇ? ನನ್ನ ನೋಂದಣಿಯನ್ನು ರದ್ದು ಮಾಡುತ್ತಾರೆಯೇ? ಕೇಸ್ ಶೀಟಿನಲ್ಲಿ ಸಿರಿಂಜಿನ ವಿಷಯ ಬರೆದಿಲ್ಲ, ಈಗ ಸೇರಿಸಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಪಾಯವಿರುವುದು ಅಲ್ಲಿಯೇ. ಹಳೆಯ ನಮೂದಿನ ನಡುವೆ ಒಂದಕ್ಷರವನ್ನೂ ತುರುಕಬೇಡಿ. ಹೇಳಬೇಕಾದದ್ದು ಉಳಿದಿದ್ದರೆ ಇಂದಿನ ದಿನಾಂಕ ಮತ್ತು ಸಮಯ ಹಾಕಿ, ತಡವಾಗಿ ಬರೆದ ಟಿಪ್ಪಣಿ ಎಂದು ಸ್ಪಷ್ಟವಾಗಿ ಸೂಚಿಸಿ, ಮೇಲಧಿಕಾರಿಗಳ ಗಮನಕ್ಕೆ ತಂದು ಬರೆಯಬೇಕು. ನೋಟಿಸು ಬಂದ ಮೇಲೆ ಅದನ್ನೂ ಮಾಡದೆ, ಎಲ್ಲವನ್ನೂ ಉತ್ತರದಲ್ಲಿಯೇ ಹೇಳುವುದು ಇನ್ನೂ ಲೇಸು. ಔಷಧದ ಪ್ರಮಾಣ ತಪ್ಪಿದವರನ್ನು ತಿದ್ದಿ ಉಳಿಸಿಕೊಂಡದ್ದನ್ನು ನನ್ನ ಸೇವಾವಧಿಯಲ್ಲಿ ಹಲವು ಸಲ ಕಂಡಿದ್ದೇನೆ. ದಾಖಲೆ ತಿದ್ದಿದವರ ಪರವಾಗಿ ಮಾತನಾಡಲು ಯಾರಿಗೂ ಬಾಯಿ ಬರುವುದಿಲ್ಲ.

ಇನ್ನು ಆ ರಾತ್ರಿ ನಿಜವಾಗಿ ಏನಾಯಿತೆಂದು ನೋಡೋಣ. ನಮ್ಮ ದೇಶದಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ. ಸರ್ಕಾರಿ ವಾರ್ಡುಗಳಲ್ಲಿ ಹೆಚ್ಚಾಗಿ ಬಳಸುವ ಸೀಸೆಗಳಲ್ಲಿ ಒಂದು ಮಿಲಿ ಲೀಟರಿಗೆ 40 ಯೂನಿಟ್ ಇರುತ್ತದೆ. ಪೆನ್ನಿನ ಕಾರ್ಟ್ರಿಜ್‌ಗಳಲ್ಲಿ ಮತ್ತು ದೀರ್ಘಾವಧಿಯ ಹೊಸ ಬಗೆಯ ಇನ್ಸುಲಿನ್‌ಗಳಲ್ಲಿ ಸಾಮಾನ್ಯವಾಗಿ 100 ಯೂನಿಟ್. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಎರಡನೆಯದಕ್ಕೆ ಕಿತ್ತಳೆ ಮುಚ್ಚಳದ್ದು. ನೀವು ಹೇಳಿದ್ದನ್ನು ನೋಡಿದರೆ 100ರ ಸೀಸೆಯ ಔಷಧವನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದಿದ್ದೀರಿ. ಆ ಸಿರಿಂಜಿನ 16ರ ಗೆರೆಯೆಂದರೆ 0.4 ಮಿಲಿ ಲೀಟರ್. 100ರ ಸೀಸೆಯಿಂದ ಅಷ್ಟು ಎಳೆದರೆ 40 ಯೂನಿಟ್. ಅಂದರೆ ಹೇಳಿದ್ದಕ್ಕಿಂತ ಎರಡೂವರೆ ಪಟ್ಟು. ಕಣ್ಣಿಗೆ ಗೆರೆ ಸರಿಯಾಗಿಯೇ ಕಾಣುತ್ತದೆ, ಪಕ್ಕದಲ್ಲಿ ನಿಂತು ನೋಡಿದವರಿಗೂ ಸರಿಯಾಗಿಯೇ ಕಾಣುತ್ತದೆ, ಮೋಸವಿರುವುದು ಅಲ್ಲಿಯೇ. ಸೀಸೆಯ ಮೇಲಿನ ಸಂಖ್ಯೆಯನ್ನೂ ಸಿರಿಂಜಿನ ಮೇಲಿನ ಸಂಖ್ಯೆಯನ್ನೂ ಜೋಡಿಸಿ ಓದುವ ಅಭ್ಯಾಸವಿಲ್ಲದವರು, ಅದರಲ್ಲೂ ವರ್ಷಗಟ್ಟಲೆ ಹೆರಿಗೆ ವಾರ್ಡಿನಲ್ಲಿದ್ದವರು, ಇಲ್ಲಿ ಎಡವುವುದು ಆಶ್ಚರ್ಯವಲ್ಲ. ಹಾಗೆಂದು ಅದು ನಿಮ್ಮ ತಪ್ಪಲ್ಲವೆಂದು ನಾನು ಹೇಳಲಾರೆ.

ನಿಮ್ಮ ನೋಟಿಸಿನಲ್ಲಿ ಎರಡು ಬೇರೆ ಬೇರೆ ದೂರುಗಳನ್ನು ಒಂದೇ ದಾರದಲ್ಲಿ ಪೋಣಿಸಿದ್ದಾರೆ. ಕರ್ತವ್ಯಲೋಪವೆಂದರೆ ಗೊತ್ತಿದ್ದೂ ಮಾಡದಿರುವುದು. ಸಾಮರ್ಥ್ಯದ ಕೊರತೆಯೆಂದರೆ ಮಾಡಲು ಬೇಕಾದ ತಿಳಿವಳಿಕೆಯೋ ಅಭ್ಯಾಸವೋ ಇಲ್ಲದಿರುವುದು. ಕರೆಗಂಟೆ ಕೇಳಿಯೂ ಮೊಬೈಲು ನೋಡುತ್ತ ಕುಳಿತವರಿಗೂ ನಿಮಗೂ ಒಂದೇ ಮದ್ದು ಆಗಲಾರದು. ಸುಪ್ರೀಂ ಕೋರ್ಟು 1979ರಲ್ಲಿ ಜೆ. ಅಹ್ಮದ್ ಎಂಬ ಅಧಿಕಾರಿಯ ಪ್ರಕರಣದಲ್ಲಿ ಇದನ್ನೇ ವಿವರವಾಗಿ ಚರ್ಚಿಸಿ, ದಕ್ಷತೆಯ ಕೊರತೆಯಾಗಲಿ ಒಂದು ಸಲದ ಅಚಾತುರ್ಯವಾಗಲಿ ಸಾಮಾನ್ಯವಾಗಿ ದುರ್ನಡತೆ ಎನಿಸುವುದಿಲ್ಲವೆಂದು ಹೇಳಿತು. ಆದರೆ ಪರಿಣಾಮ ಘೋರವಾಗಿದ್ದರೆ ಒಂದೇ ಸಲದ ಅಜಾಗರೂಕತೆಯೂ ದುರ್ನಡತೆ ಆಗಬಹುದೆಂದೂ ಅದೇ ತೀರ್ಪು ಹೇಳುತ್ತದೆ, ಮತ್ತು ಅದಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಒಂದು ನಮ್ಮ ವೃತ್ತಿಯದೇ: ಸ್ನಾಯುವಿಗೆ ಕೊಡಬೇಕಾದ ಚುಚ್ಚುಮದ್ದನ್ನು ರಕ್ತನಾಳಕ್ಕೆ ಕೊಟ್ಟು ರೋಗಿಯ ಸಾವಿಗೆ ಕಾರಣವಾದ ನರ್ಸ್. ನಿಮ್ಮ ರೋಗಿ ಚೇತರಿಸಿಕೊಂಡದ್ದು ಅವರ ಪುಣ್ಯವಷ್ಟೇ ಅಲ್ಲ, ನಿಮ್ಮದೂ ಹೌದು. ಸಾವು ಸಂಭವಿಸಿದ್ದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಎದುರಾಗುತ್ತಿತ್ತು. ಅದರಲ್ಲಿ ಚಿಕಿತ್ಸೆ ನೀಡುವಾಗ ನಿರ್ಲಕ್ಷ್ಯ ತೋರಿದ ನೋಂದಾಯಿತ ವೈದ್ಯರಿಗೆ ಗರಿಷ್ಠ ಶಿಕ್ಷೆ ಎರಡು ವರ್ಷ, ಉಳಿದವರಿಗೆ ಐದು. ವೈದ್ಯರೆಂಬ ಆ ವ್ಯಾಖ್ಯೆಯೊಳಗೆ ದಾದಿಯರು ಬರುವುದಿಲ್ಲ. ಒಂದೇ ಹಾಸಿಗೆಯ ಎರಡು ಬದಿಗೆ ನಿಂತವರಿಗೆ ಈ ತಾರತಮ್ಯ ಏಕೆಂದು ನಮ್ಮ ಸಂಘಗಳು ಇನ್ನಷ್ಟು ಗಟ್ಟಿಯಾಗಿ ಕೇಳಬೇಕಿತ್ತು.

ಕಾಯಂ ನೌಕರಳಾದ ನಿಮಗೆ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು, 1957 ಅನ್ವಯಿಸುತ್ತವೆ. ವಾಗ್ದಂಡನೆ, ವೇತನ ಬಡ್ತಿ ತಡೆ ಮುಂತಾದ ಲಘು ದಂಡನೆಗೆ ನಿಮ್ಮ ಲಿಖಿತ ಹೇಳಿಕೆಯನ್ನು ಪಡೆದು ಪರಿಶೀಲಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಹಿಂಬಡ್ತಿ, ಕಡ್ಡಾಯ ನಿವೃತ್ತಿ, ವಜಾ ಇವುಗಳಿಗೆ ಆರೋಪ ಪಟ್ಟಿ ಕೊಟ್ಟು, ವಿಚಾರಣಾಧಿಕಾರಿಯ ಮುಂದೆ ಸಾಕ್ಷ್ಯ ಪಡೆದು, ಸಾಕ್ಷಿಗಳನ್ನು ಪಾಟೀಸವಾಲು ಮಾಡುವ ಅವಕಾಶವನ್ನು ನಿಮಗೆ ಕೊಡಲೇಬೇಕು. ವಜಾ ಮಾಡುವ ಮುನ್ನ ವಿಚಾರಣೆ ಇರಬೇಕೆಂಬುದು ಸಂವಿಧಾನದ 311ನೇ ವಿಧಿಯ ರಕ್ಷಣೆಯೂ ಹೌದು. ಆದ್ದರಿಂದ ಒಂದು ನೋಟಿಸಿಗೆ ಸತ್ಯ ಬರೆದ ಮಾತ್ರಕ್ಕೆ ನಾಳೆಯೇ ಕೆಲಸ ಹೋಗುತ್ತದೆಂಬ ಭಯ ಬೇಡ. ನೋಂದಣಿಯ ವಿಷಯ ಇನ್ನೂ ದೂರದ್ದು. ಅದು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿಗೆ ಸೇರಿದ್ದೇ ಹೊರತು ಆಸ್ಪತ್ರೆಯ ಅಧೀಕ್ಷಕರ ಕೈಯಲ್ಲಿಲ್ಲ.

ಉತ್ತರವನ್ನು ಗಡುವಿನೊಳಗೆ ಕೊಡಿ. ಕಡತ ನೋಡಬೇಕಿದ್ದರೆ ಕಾಲಾವಕಾಶವನ್ನು ಬರವಣಿಗೆಯಲ್ಲೇ ಕೇಳಿ. ಆ ರಾತ್ರಿ ಎರಡು ವಾರ್ಡುಗಳಲ್ಲಿ ಎಷ್ಟು ರೋಗಿಗಳಿದ್ದರು, ಕಿತ್ತಳೆ ಮುಚ್ಚಳದ ಸಿರಿಂಜು ದಾಸ್ತಾನಿನಲ್ಲಿ ಇತ್ತೇ, ಹೊರಗಿನಿಂದ ತಂದ ಔಷಧವನ್ನು ಪರೀಕ್ಷಿಸಿ ಒಳಗೆ ಪಡೆಯುವ ಕ್ರಮ ಇದೆಯೇ, ಮೆಡಿಕಲ್ ವಾರ್ಡಿನ ತರಬೇತಿ ನಿಮಗೆ ಯಾವಾಗ ಸಿಕ್ಕಿತ್ತು ಎಂಬುದನ್ನೆಲ್ಲ ಸಮಯದ ಕ್ರಮದಲ್ಲಿ ಬರೆಯಿರಿ. ಇವು ನೆಪಗಳಾಗಿ ಓದಿಸಿಕೊಳ್ಳಬಾರದು. ಅದಕ್ಕಾಗಿ ಮೊದಲ ಪರಿಚ್ಛೇದದಲ್ಲೇ 'ಸೀಸೆಯ ಸಾಂದ್ರತೆಯನ್ನು ನಾನು ಓದಲಿಲ್ಲ' ಎಂಬ ವಾಕ್ಯ ಇರಲಿ. ಕೊನೆಯಲ್ಲಿ, ಇಂತಿಷ್ಟು ದಿನ ಮೆಡಿಕಲ್ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಮೇಲ್ವಿಚಾರಣೆಯಲ್ಲಿ ಔಷಧ ಕೊಡುವ ಕೆಲಸ ಮಾಡಲು ಸಿದ್ಧಳಿದ್ದೇನೆಂದು ನೀವೇ ಕೇಳಿಕೊಳ್ಳಿ. ದಂಡನೆ ತೀರ್ಮಾನಿಸುವವರ ಮುಂದೆ ಬೇರೊಂದು ದಾರಿ ಇಟ್ಟಂತಾಗುತ್ತದೆ.

ನಿಮ್ಮ ಅಧೀಕ್ಷಕರಿಗೂ ಒಂದು ಮಾತು. ಮಳೆಗಾಲದಲ್ಲಿ ಮರ ಬೀಳುವುದು ಈ ಜಿಲ್ಲೆಯಲ್ಲಿ ಅನಿರೀಕ್ಷಿತವೇನಲ್ಲ. ಬದಲಿ ಪಾಳಿಯ ಪಟ್ಟಿ ಮಾಡದವರು ನೋಟಿಸು ಬರೆಯಲು ಕುಳಿತಾಗ ಸ್ವಲ್ಪ ಮುಜುಗರ ಪಟ್ಟರೆ ತಪ್ಪಿಲ್ಲ.

ಪ್ರಶ್ನೆ: ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರ ನಾನು. ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ ನಮ್ಮ ತಾಯಿಗೆ ಡ್ರಿಪ್ ಹಾಕಿದ್ದರು. ಕೈ ಊದುತ್ತಿದೆ ಎಂದು ಎರಡು ಸಲ ಹೇಳಿದರೂ ನರ್ಸ್ 'ಸರಿ ಹೋಗುತ್ತದೆ' ಎಂದು ಹೋದರು. ಚರ್ಮ ಬೊಬ್ಬೆಯೆದ್ದು ಒಂದು ತಿಂಗಳು ಡ್ರೆಸ್ಸಿಂಗ್ ಮಾಡಿಸಬೇಕಾಯಿತು. ಆ ನರ್ಸಿನ ಲೈಸೆನ್ಸ್ ರದ್ದು ಮಾಡಿಸುವುದು ಹೇಗೆ?

ಉತ್ತರ: ಎರಡು ಸಲ ಹೇಳಿದ ಮೇಲೂ ಡ್ರಿಪ್ ನಿಲ್ಲಿಸಿ ನೋಡದೆ ಹೋದದ್ದನ್ನು ತಿಳಿವಳಿಕೆಯ ಕೊರತೆಯೆಂದು ಮನ್ನಿಸುವುದು ಕಷ್ಟ, ನಿಮ್ಮ ಸಿಟ್ಟು ಸಹಜವಾದದ್ದೇ. ಆದರೆ ರದ್ದತಿಯಿಂದ ಆರಂಭಿಸಬೇಡಿ. ಮೊದಲು ಕೇಸ್ ಶೀಟಿನ ಪ್ರತಿಯನ್ನು ಲಿಖಿತವಾಗಿ ಕೇಳಿ; ವೈದ್ಯರಿಗೆ ಅನ್ವಯಿಸುವ 2002ರ ನಿಯಮಾವಳಿಯಂತೆ 72 ಗಂಟೆಗಳಲ್ಲಿ ಅದನ್ನು ಕೊಡಬೇಕು. ಅದೇ ಅರ್ಜಿಯಲ್ಲಿ, ಆ ದಿನ ಡ್ಯೂಟಿಯಲ್ಲಿದ್ದವರ ನೋಂದಣಿ ಸಂಖ್ಯೆಯನ್ನೂ ಕೇಳಿ. ಬಿಳಿ ಬಟ್ಟೆ ತೊಟ್ಟವರೆಲ್ಲ ಪರಿಷತ್ತಿನಲ್ಲಿ ನೋಂದಾಯಿಸಿದ ನರ್ಸುಗಳಲ್ಲ. ನೋಂದಣಿಯೇ ಇಲ್ಲದಿದ್ದರೆ ರದ್ದು ಮಾಡಲು ಏನೂ ಇರುವುದಿಲ್ಲ, ಆಗ ನಿಮ್ಮ ದೂರು ಹೋಗಬೇಕಾದದ್ದು ಅಂಥವರನ್ನು ನೇಮಿಸಿದವರ ಮೇಲೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ಕ್ಕೆ 2017ರಲ್ಲಿ ಆದ ತಿದ್ದುಪಡಿಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದೆ; ಆಸ್ಪತ್ರೆಯ ಮೇಲಿನ ದೂರು ಅಲ್ಲಿಗೆ. ನೋಂದಾಯಿತ ನರ್ಸಿನ ವೃತ್ತಿ ನಡವಳಿಕೆಯ ದೂರು ಪರಿಷತ್ತಿಗೆ. ಖರ್ಚು ಮತ್ತು ಪರಿಹಾರಕ್ಕೆ ಮಡಿಕೇರಿಯ ಗ್ರಾಹಕರ ಆಯೋಗವಿದೆ, ಅಲ್ಲಿ ಎರಡು ವರ್ಷಗಳ ಗಡುವು ಇದೆ. ಊದಿದ ಕೈಯ ಫೋಟೊ ತೆಗೆದಿದ್ದರೆ ದಿನಾಂಕ ಸಮೇತ ಇಟ್ಟುಕೊಳ್ಳಿ, ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ.

ಪ್ರಶ್ನೆ: ಗೋಣಿಕೊಪ್ಪದವಳು, ಬ್ರಿಟನ್ನಿಗೆ ಹೋಗಲು ತಯಾರಿ ನಡೆಸಿದ್ದೇನೆ. ಹಿಂದಿನ ಆಸ್ಪತ್ರೆಯಲ್ಲಿ ಒಂದು ಎಚ್ಚರಿಕೆ ಪತ್ರ ಪಡೆದಿದ್ದೆ. ಅಲ್ಲಿ ಸಣ್ಣ ತಪ್ಪಿಗೂ ಹೆಸರು ಕಿತ್ತುಹಾಕುತ್ತಾರಂತೆ, ಹೌದೇ?

ಉತ್ತರ: ಇಲ್ಲ. ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ದುರ್ನಡತೆಯನ್ನೂ ಸಾಮರ್ಥ್ಯದ ಕೊರತೆಯನ್ನೂ ಕಾನೂನಿನಲ್ಲೇ ಬೇರೆ ಮಾಡಿದೆ. ಎಚ್ಚರಿಕೆ, ಷರತ್ತುಬದ್ಧ ಕೆಲಸ, ಒಂದು ವರ್ಷದವರೆಗಿನ ಅಮಾನತು, ಕೊನೆಗೆ ಹೆಸರು ತೆಗೆಯುವುದು ಎಂದು ಮೆಟ್ಟಿಲುಗಳಿವೆ. ಸಾಮರ್ಥ್ಯದ ಕೊರತೆ ಮಾತ್ರ ಕಾರಣವಾಗಿದ್ದರೆ, ಆ ವ್ಯಕ್ತಿ ಕನಿಷ್ಠ ಎರಡು ವರ್ಷ ನಿರಂತರವಾಗಿ ಅಮಾನತು ಅಥವಾ ಷರತ್ತಿನ ಅಡಿಯಲ್ಲಿ ಇರದ ಹೊರತು ಹೆಸರು ತೆಗೆಯುವಂತಿಲ್ಲ. ಅಂದರೆ ಕಲಿತು ತಿದ್ದಿಕೊಳ್ಳಲು ಕಾನೂನೇ ಕಾಲ ಕೊಟ್ಟಿದೆ. ನಮ್ಮಲ್ಲಿ 1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯ್ದೆಯ ಜಾಗಕ್ಕೆಂದು 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಸೇವಾ ಆಯೋಗ ಕಾಯ್ದೆಯನ್ನು ರೂಪಿಸಿ, ವೃತ್ತಿನೀತಿ ಮತ್ತು ನೋಂದಣಿಗೆ ಪ್ರತ್ಯೇಕ ಮಂಡಳಿಯನ್ನು ಅದರಲ್ಲಿ ಸೇರಿಸಿದ್ದಾರೆ. ಈ ಒಂದು ಭೇದವನ್ನು ಆ ಮಂಡಳಿ ಎರವಲು ತಂದರೂ ನನಗೆ ಸಂತೋಷವೇ.

ಅರ್ಜಿಯಲ್ಲಿ ಹಿಂದಿನ ಶಿಸ್ತುಕ್ರಮದ ಬಗ್ಗೆ ಕೇಳಿದ್ದರೆ ಎಚ್ಚರಿಕೆ ಪತ್ರವನ್ನು ಮುಚ್ಚಿಡಬೇಡಿ. ಯಾವ ತಪ್ಪಿಗೆ ಬಂತು, ಆಮೇಲೆ ಏನು ಕಲಿತಿರಿ ಎಂಬುದನ್ನು ಅರ್ಧ ಪುಟದಲ್ಲಿ ಬರೆದು ಜೊತೆಗಿಡಿ. ಆ ಪತ್ರದ ಪ್ರತಿ ನಿಮ್ಮಲ್ಲಿ ಇಲ್ಲದಿದ್ದರೆ, ಹಳೆಯ ಆಸ್ಪತ್ರೆಯ ಆಗಿನ ನರ್ಸಿಂಗ್ ಸೂಪರಿಂಟೆಂಡೆಂಟ್ ನಿವೃತ್ತರಾಗುವ ಮೊದಲೇ ಹೋಗಿ ಕೇಳಿ ಪಡೆಯಿರಿ.