ನಾಲ್ಕು ಮಂದಿಗೆ ಸಾಗಿದ ಕೆಲಸ ಹತ್ತು ಮಂದಿಗೆ ಯಾಕೆ ಸಾಗದು?

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದಾಗ ನಾಲ್ಕು ಮಂದಿ ಇದ್ದಾಗ ಖಡಕ್ ರೊಟ್ಟಿ ಆರ್ಡರ್ ಹೊತ್ತಿಗೆ ಸರಿಯಾಗಿ ಮುಗೀತಿತ್ತು. ಈಗ ಹತ್ತು ಮಂದಿ ಅದೀವಿ, ಎಲ್ಲಾರೂ ಕೈ ಚುರುಕಿನವರ. ಆದ್ರೂ ತಡ ಆಗ್ತೈತಿ. ಅಂಚು ಒಡದ ರೊಟ್ಟಿ, ಮೆತ್ತಗಾದ ಪ್ಯಾಕೆಟ್ ಅಂಗಡಿಯಿಂದ ವಾಪಸ್ ಬರ್ತಾವ. ತಪ್ಪು ಎಲ್ಲೈತ್ರಿ?
– ಓದುಗರು, ಉಣಕಲ್, ಹುಬ್ಬಳ್ಳಿ

ಉತ್ತರ: ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಜಾಗ ನೋಡಿ, ತಪ್ಪು ಅಲ್ಲೇ ಸಿಗುತ್ತದೆ. ನಾಲ್ವರಲ್ಲಿ ಇಬ್ಬಿಬ್ಬರ ಜೋಡಿ ಎಣಿಸಿದರೆ 6. ಹತ್ತು ಮಂದಿಯಲ್ಲಿ 45. 'ಹಿಟ್ಟು ಬಿಗಿ ಆಗೈತಿ' ಎಂಬ ಒಂದು ಮಾತು ಇಷ್ಟು ಜೋಡಿಗಳ ನಡುವೆ ಯಾರಿಗೂ ತಲುಪದೆ ಹೋಗುತ್ತದೆ.

ಐದೈದು ಮಂದಿಯ ಎರಡು ಗುಂಪು ಮಾಡಿ, ಒಲೆಯೂ ಬೇರೆ ಇರಲಿ. ಒಬ್ಬರು ಎಸರು ಹಾಕಿ ನಾದಲಿ, ಇಬ್ಬರು ಬಡಿಯಲಿ, ಒಬ್ಬರು ಹಂಚಿನ ಮುಂದೆ, ಒಬ್ಬರು ಎಣಿಸಿ ಕಟ್ಟಲಿ. ನಾದುವವರು ಬಡಿಯುವವರ ಕೈ ನೋಡಿಕೊಂಡೇ ನಾದಬೇಕು. ಜೋಳದ ಹಿಟ್ಟಿನಲ್ಲಿ ಗೋಧಿಯಂತೆ ಗ್ಲುಟೆನ್ ಎಂಬ ಜಿಗುಟು ಅಂಶ ಇಲ್ಲ. ಕುದಿಯುವ ಎಸರಿಗೆ ಬೆಂದ ಪಿಷ್ಟವೇ ಅದನ್ನು ಹಿಡಿದಿಡುವುದು. ನಾದಿದ ಹಿಟ್ಟು ಪರಾತದಲ್ಲಿ ಕಾದು ಕೂತರೆ ಮೇಲೆ ಒಣಗಿ, ಬಡಿಯುವಾಗ ಅಂಚು ಬಿರಿಯುತ್ತದೆ. ಬೈಸಿಕೊಳ್ಳುವವರು ಮಾತ್ರ ಬಡಿಯುವವರು, ಇದು ಅನ್ಯಾಯ. ಒಮ್ಮೆಗೆ ಎಂಟು-ಹತ್ತು ರೊಟ್ಟಿಗಾಗುವಷ್ಟೇ ನಾದಿ ಒದ್ದೆ ಬಟ್ಟೆ ಮುಚ್ಚಿ. ಎರಡು ಉಂಡೆ ಉಳಿದಾಗ ಮುಂದಿನದಕ್ಕೆ ಕೈ ಹಾಕಿ.

ಮೆತ್ತಗಾಗುವುದೂ ಹೀಗೆಯೇ. ಹಂಚಿನವರು ಬಿಸಿ ರೊಟ್ಟಿಯನ್ನು ರಾಶಿ ಹಾಕುತ್ತಾರೆ, ನಡುವಿನ ತೇವ ಆರಿತೇ ಎಂದು ಕೇಳದೆ ಕಟ್ಟುವವರು ಕಟ್ಟುತ್ತಾರೆ. ಮುರಿದರೆ ಟಕ್ಕನೆ ಸದ್ದು ಬಾರದ ರೊಟ್ಟಿಯನ್ನು ಹಂಚಿಗೆ ವಾಪಸ್ ಕಳಿಸುವ ಹಕ್ಕು ಕಟ್ಟುವವರಿಗೆ ಕೊಡಿ.

ಕೂಲಿಯನ್ನು ಒಬ್ಬೊಬ್ಬರು ಬಡಿದ ಲೆಕ್ಕಕ್ಕೆ ಕೊಡಬೇಡಿ. ಗುಂಪು ಕಟ್ಟಿದ ಒಳ್ಳೆ ಪ್ಯಾಕೆಟ್ ಎಣಿಸಿ ಹಂಚಿ.

ಪ್ರಶ್ನೆ: ಬುದ್ಧಿವಂತರನ್ನೇ ಆರಿಸಿ ತಂಡ ಕಟ್ಟಿದರೆ ಸಾಲದೇ?
– ಓದುಗರು, ಗದಗ

ಉತ್ತರ: ಸಾಲದು. ಸಂಶೋಧಕಿ ಅನಿತಾ ವೂಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 699 ಮಂದಿಯನ್ನು ಎರಡರಿಂದ ಐದು ಜನರ ಗುಂಪುಗಳಾಗಿ ಕೆಲಸಕ್ಕೆ ಹಚ್ಚಿದರು. ಸದಸ್ಯರ ಸರಾಸರಿ ಬುದ್ಧಿಮತ್ತೆಗೂ ಗುಂಪಿನ ಸಾಧನೆಗೂ ನಂಟು ಸಡಿಲವಾಗಿತ್ತು. ಮಾತಿನ ಸರದಿ ಎಲ್ಲರಿಗೂ ಸಿಕ್ಕ, ಎದುರಿನವರ ಮನಸ್ಸು ಕಣ್ಣಲ್ಲೇ ಓದಬಲ್ಲವರಿದ್ದ ಗುಂಪುಗಳು ಮುಂದಿದ್ದವು. ಆಸ್ಪತ್ರೆಯ ತಂಡಗಳನ್ನು ನೋಡಿದ ಸಂಶೋಧಕಿ ಏಮಿ ಎಡ್ಮಂಡ್‌ಸನ್‌ಗೆ ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿದ್ದು ಕಂಡಿತು. ಅಲ್ಲಿನವರು ತಪ್ಪು ಹೇಳಿಕೊಳ್ಳಲು ಅಂಜುತ್ತಿರಲಿಲ್ಲ ಎಂಬುದು ಅವರು ಕೊಟ್ಟ ವಿವರಣೆ.

ನಿಮ್ಮ ಸಭೆಯಲ್ಲಿ ಹೊಸಬರು ಮೊದಲು, ಮುಂದಾಳು ಕೊನೆಗೆ ಮಾತಾಡಲಿ. 'ಏನಾದರೂ ತೊಂದರೆ ಐತೇನು?' ಎಂದರೆ ಎಲ್ಲರೂ ಇಲ್ಲ ಎಂದೇ ತಲೆಯಾಡಿಸುತ್ತಾರೆ. 'ನಿನ್ನೆ ಎಲ್ಲಿ ಕೈ ತಡೀತು?' ಎಂದು ಕೇಳಿ, ಉತ್ತರ ಬರುವತನಕ ಸುಮ್ಮನಿರಿ.