ಎರಡೆರಡು ಸ್ಪ್ರಿಂಗ್ ವಾಷರ್ ಹಾಕಿದರೂ ನಟ್ಟು ಸಡಿಲ

ಪ್ರಶ್ನೆ: ತೋಟದ ಬಾವಿಯ ಮೋನೋಬ್ಲಾಕ್ ಪಂಪನ್ನು ಕಬ್ಬಿಣದ ಚಾನೆಲ್ (ಸಿ ಆಕಾರದ ತೊಲೆ) ಮೇಲೆ ನಾಲ್ಕು ಎಂ10 (10 ಮಿ.ಮೀ. ದಪ್ಪದ) ಬೋಲ್ಟು ಹಾಕಿ ಕೂರಿಸಿದ್ದೇವೆ. ಹದಿನೈದು ದಿನಕ್ಕೊಮ್ಮೆ ನಟ್ಟುಗಳು ಸಡಿಲವಾಗುತ್ತವೆ. ಎರಡೆರಡು ಸ್ಪ್ರಿಂಗ್ ವಾಷರ್ ಹಾಕಿದರೂ ಅಷ್ಟೇ. ಅಸಲಿಗೆ ವಾಷರ್ ಹಾಕುವುದು ಯಾಕೆ?

ಉತ್ತರ: ಮೊದಲು ಆ ಸ್ಪ್ರಿಂಗ್ ವಾಷರುಗಳನ್ನು (ಒಂದು ಕಡೆ ಸೀಳಿ ತಿರುಚಿದ ಉಂಗುರಗಳನ್ನು) ತೆಗೆದಿಡಿ. ಬಿಗಿ ಮಾಡುವಾಗ ಬೋಲ್ಟು ಕೂದಲೆಳೆಗಿಂತ ಕಡಿಮೆ ಹಿಗ್ಗುತ್ತದೆ. ಅದು ಮತ್ತೆ ಕುಗ್ಗಲು ಎಳೆಯುವ ಸೆಳೆತವೇ ಪಂಪಿನ ಕಾಲನ್ನು ಚಾನೆಲ್ಲಿಗೆ ಅವುಚಿ ಹಿಡಿಯುವುದು. ಸ್ಪ್ರಿಂಗ್ ವಾಷರ್ ಪೂರ್ತಿ ಬಿಗಿಯಾಗುವ ಹೊತ್ತಿಗೆ ಚಪ್ಪಟೆಯಾಗಿರುತ್ತದೆ. ಆಮೇಲೆ ಅದು ಬರೀ ಇನ್ನೊಂದು ಬಿಲ್ಲೆ. ನಾಸಾ 1990ರಲ್ಲಿ ಹೊರತಂದ ಬೋಲ್ಟುಗಳ ಕೈಪಿಡಿಯೂ ಇದನ್ನೇ ಹೇಳುತ್ತದೆ.

ಪ್ಲೇನ್ ವಾಷರಿನ, ಅಂದರೆ ಚಪ್ಪಟೆ ಬಿಲ್ಲೆಯ ಕೆಲಸ ಒತ್ತಡವನ್ನು ಹರಡುವುದು. ನಿಮ್ಮಲ್ಲಿ ಕೊರತೆ ಬಹುಶಃ ಅಲ್ಲೇ. ಪಂಪಿನ ಕಾಲಿನ ತೂತು ಉದ್ದಕ್ಕೆ ಸೀಳಿದಂತಿದೆಯೇ ನೋಡಿ. ಸೀಳು 12 ಮಿ.ಮೀ. ಅಗಲವಿದ್ದರೆ, 17 ಮಿ.ಮೀ. ಅಗಲದ ನಟ್ಟಿಗೆ ಕೂರಲು ಸಿಗುವುದು ಎರಡೂ ಕಡೆ ಎರಡೂವರೆ ಮಿ.ಮೀ. ಅಂಚು ಮಾತ್ರ. ಅಷ್ಟು ಕಿರಿದಾದ ಜಾಗ ಒತ್ತಡಕ್ಕೆ ತಗ್ಗುತ್ತದೆ, ಬೋಲ್ಟಿನ ಸೆಳೆತ ಇಳಿಯುತ್ತದೆ, ಪಂಪು ಅದುರಿದಂತೆ ನಟ್ಟು ಬಿಚ್ಚಿಕೊಳ್ಳುತ್ತದೆ. 30 ಮಿ.ಮೀ. ವಾಷರ್ ಹಾಕಿದರೆ ಅಂಚು 9 ಮಿ.ಮೀ. ಸಿಗುತ್ತದೆ. ದಪ್ಪ 3 ಮಿ.ಮೀ. ಇರಲಿ, ತೆಳುವಾದದ್ದು ಸೀಳಿನೊಳಕ್ಕೆ ತಟ್ಟೆಯಂತೆ ಕುಳಿ ಬೀಳುತ್ತದೆ.

ಚಾನೆಲ್ಲಿನ ರೆಕ್ಕೆಯ ಒಳಮೈ ಇಳಿಜಾರಾಗಿದ್ದರೆ ಅಲ್ಲಿಗೆ ಪ್ಲೇನ್ ವಾಷರ್ ಸಾಲದು, ಬೋಲ್ಟಿನ ತಲೆ ಒಂದೇ ಮೂಲೆಯ ಮೇಲೆ ಕೂತು ಬೋಲ್ಟು ಬಾಗುತ್ತದೆ. ಅಂಗಡಿಯಲ್ಲಿ ಚೌಕಾಕಾರದ ಟೇಪರ್ ವಾಷರ್ (ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಇರುವಂಥದ್ದು) ಕೇಳಿ ತನ್ನಿ.

ಕೂರಿಸುವ ಮುನ್ನ ಬಣ್ಣ, ತುಕ್ಕು ಕೆರೆದು ತೆಗೆಯಿರಿ. ನಾಲ್ಕು ಕಾಲುಗಳಲ್ಲಿ ಒಂದು ಎದ್ದಿದ್ದರೆ ಅದರಡಿ ತಗಡು ಕೊಡಿ, ಬೋಲ್ಟಿನಿಂದ ಎಳೆದು ಕೂರಿಸಬೇಡಿ. ತಲೆಯ ಮೇಲೆ 8.8 ಎಂದು (ಇದು ಗಟ್ಟಿತನದ ದರ್ಜೆ) ಅಚ್ಚಿರುವ ಬೋಲ್ಟನ್ನೇ ಬಳಸಿ. ಅದಕ್ಕೆ ಸುಮಾರು 45 ನ್ಯೂಟನ್ ಮೀಟರ್ ಬಿಗಿ ಬೇಕು: ಒಂದಡಿ ಉದ್ದದ ಸ್ಪ್ಯಾನರಿನ ತುದಿಯಲ್ಲಿ 15 ಕೆ.ಜಿ. ಭಾರದಷ್ಟು ಒತ್ತಿದರೆ ಅಷ್ಟಾಗುತ್ತದೆ. ಮಾಮೂಲಿ ನಟ್ಟಿನ ಬದಲು ಒಳಗೆ ನೈಲಾನ್ ಉಂಗುರವಿರುವ ಹೊಸ ನೈಲಾಕ್ ನಟ್ಟು ಹಾಕಿ, ಎರಡು ಸುತ್ತು ಥ್ರೆಡ್ ಹೊರಗೆ ಕಾಣುವಂತಿರಲಿ.

ಕೊನೆಗೆ ನಟ್ಟು, ವಾಷರ್ ಮತ್ತು ಪಂಪಿನ ಕಾಲಿನ ಮೇಲೆ ಒಂದೇ ನೇರಕ್ಕೆ ಬಣ್ಣದ ಗೆರೆ ಎಳೆಯಿರಿ. ಒಂದು ದಿನ ಪಂಪು ಓಡಿಸಿ ಸ್ಪ್ಯಾನರ್ ಹಾಕಿ ನೋಡಿ. ಗೆರೆ ತುಂಡಾಗಿದ್ದರೆ ನಟ್ಟು ತಿರುಗಿದೆ. ಗೆರೆ ನೇರವಾಗಿದ್ದೂ ಬಿಗಿ ಇಳಿದಿದ್ದರೆ ವಾಷರಿನ ಕೆಳಗೆ ಬಣ್ಣವೋ ತುಕ್ಕೋ ಉಳಿದು ಅಮರಿದೆ. ಬಿಚ್ಚಿ ಮತ್ತೆ ಕೆರೆಯಿರಿ.