ಈಜಿದರೂ ತೂಕ ಇಳಿಯಲ್ಲ, ಹಸಿವು ಮಾತ್ರ ಜಾಸ್ತಿ!

ಪ್ರಶ್ನೆ: ನನಗೆ 46 ವರ್ಷ, ತೂಕ 78 ಕೆ.ಜಿ. ಮೊಣಕಾಲು ನೋವಿಗೆ ಜಾಗಿಂಗ್ ಬೇಡ, ಈಜಿ ಅಂದರು ಡಾಕ್ಟರು. ಎರಡು ತಿಂಗಳಿಂದ ಅಜ್ಜರಕಾಡಿನ ಈಜುಕೊಳಕ್ಕೆ ಹೋಗುತ್ತಿದ್ದೇನೆ. ತೂಕ ಒಂದು ಕೆ.ಜಿ.ಯೂ ಇಳಿದಿಲ್ಲ, ಹಸಿವು ವಿಪರೀತ. ಇದರಿಂದ ನಿಜಕ್ಕೂ ಲಾಭ ಉಂಟಾ? ಮಳೆಗಾಲದಲ್ಲಿ ಮಲ್ಪೆ ಕಡಲಲ್ಲಿ ಈಜಬಹುದಾ?
– ಒಬ್ಬ ಓದುಗರು, ಉಡುಪಿ

ಉತ್ತರ: ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಕೊಳದಿಂದ ಮನೆಗೆ ಹೋಗುವಾಗ ಗಾಡಿ ಎಲ್ಲಿ ನಿಲ್ಲಿಸುತ್ತೀರಿ? ಯಾಕೆಂದರೆ ನಾನು ಮಂಗಳೂರಿನ ಲೇಡಿಹಿಲ್‌ನಲ್ಲಿರುವ ಮಂಗಳಾ ಈಜುಕೊಳಕ್ಕೆ ಹೋಗುತ್ತಿದ್ದ ದಿನಗಳಲ್ಲಿ, ತಲೆಕೂದಲು ಒಣಗುವ ಮೊದಲೇ ಹೋಟೆಲಲ್ಲಿ ಕೂತು ಎರಡು ಬನ್ಸ್, ಒಂದು ಪ್ಲೇಟ್ ಗೋಳಿಬಜೆ, ಮೇಲೊಂದು ಚಾ ಮುಗಿಸಿ, 'ಇವತ್ತು ಈಜಿದ್ದೇನಲ್ಲ' ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ನಿಮ್ಮ ತೂಕದವರು ಸಾಧಾರಣ ವೇಗದಲ್ಲಿ ಅರ್ಧ ಗಂಟೆ ಬಿಡದೆ ಈಜಿದರೆ ಸುಮಾರು 220 ಕ್ಯಾಲೊರಿ ಖರ್ಚು. ಬಿಡದೆ ಅಂದರೆ ಬಿಡದೆ. ಕೊಳದ ಅಂಚು ಹಿಡಿದು ಊರ ಸುದ್ದಿ ಮಾತಾಡಿದ್ದು ಲೆಕ್ಕಕ್ಕಿಲ್ಲ! ನನ್ನ ಆ ಗೋಳಿಬಜೆಯ ಎದುರು ಇದು ಏನೇನೂ ಅಲ್ಲ. ಹಸಿವು ನಿಮ್ಮ ತಪ್ಪಲ್ಲ. ನಮ್ಮ ಸೆಕೆಯಲ್ಲಿ ಓಡಿ ಬಂದರೆ ಊಟವೇ ಬೇಡ ಅನಿಸುತ್ತದೆ, ಆದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆದುಕೊಳ್ಳುತ್ತದೆ, ತಣ್ಣಗಾಗಿ ಎದ್ದು ಬಂದವರಿಗೆ ಹೊಟ್ಟೆ ಕೂಗುತ್ತದೆ. ನೀರಿನೊಳಗೂ ಬೆವರುತ್ತೇವೆ, ಗೊತ್ತಾಗುವುದಿಲ್ಲ ಅಷ್ಟೆ. ಹಾಗಾಗಿ ಮೊದಲು ನೀರು ಕುಡಿಯಿರಿ, ಕಾಲು ಗಂಟೆ ಸುಮ್ನೆ ಕೂತುಕೊಳ್ಳಿ. ಮನೆಯಿಂದ ಬೇಯಿಸಿದ ಮೊಟ್ಟೆಯೋ ಹೆಸರುಕಾಳೋ ಡಬ್ಬಿಗೆ ಹಾಕಿಕೊಂಡು ಹೋದರೆ ಹೋಟೆಲಿನ ಕಡೆ ಗಾಡಿ ತಿರುಗುವುದಿಲ್ಲ.

ಲಾಭ ಖಂಡಿತ ಉಂಟು. ಎದೆಮಟ್ಟದ ನೀರಲ್ಲಿ ನಿಂತರೆ ಕಾಲಿನ ಮೇಲೆ ಬೀಳುವುದು ಮೈಭಾರದ ಮೂರನೇ ಒಂದು ಪಾಲಿನಷ್ಟು ಮಾತ್ರ, ಈಜುವಾಗ ಅದೂ ಇಲ್ಲ. ಮೊಣಕಾಲಿಗೆ ರಜೆ, ಹೃದಯ, ಶ್ವಾಸಕೋಶ, ಭುಜ, ಬೆನ್ನಿಗೆಲ್ಲ ಕೆಲಸ. ಆದರೆ ನೀವು ಯಾವ ಸ್ಟ್ರೋಕ್ ಹೊಡೆಯುತ್ತೀರಿ ಅಂತ ಬರೆದಿಲ್ಲ. ಬ್ರೆಸ್ಟ್‌ಸ್ಟ್ರೋಕ್ ಆದರೆ ಸ್ವಲ್ಪ ಜಾಗ್ರತೆ ಮಾರಾಯ್ರೆ, ಕಪ್ಪೆಯ ಹಾಗೆ ಕಾಲು ಹೊರಕ್ಕೆ ಒದೆಯುವಾಗ ಮೊಣಕಾಲಿನ ಒಳಬದಿಗೆ ಎಳೆತ ಬೀಳುತ್ತದೆ. ನಿಮಗೆ ಫ್ರೀಸ್ಟೈಲ್, ಇಲ್ಲವೇ ಅಂಗಾತ ಈಜುವುದು ಒಳ್ಳೆಯದು. ಒಂದು ವಾರ ಕೋಚ್ ಹತ್ತಿರ ಉಸಿರಾಟ ಮಾತ್ರ ಕಲಿಯಿರಿ: ಮುಖ ನೀರೊಳಗಿರುವಾಗಲೇ ಗುಳುಗುಳು ಅಂತ ಉಸಿರು ಬಿಡುತ್ತಾ ಇರಬೇಕು, ಪಕ್ಕಕ್ಕೆ ತಿರುಗಿದಾಗ ಎಳೆದುಕೊಳ್ಳುವುದಷ್ಟೇ ಬಾಕಿ. ಹೆಚ್ಚಿನವರು ಸುಸ್ತಾಗುವುದು ಕೈಕಾಲಿನಿಂದಲ್ಲ, ಉಸಿರು ಹಿಡಿದಿಟ್ಟುಕೊಂಡು.

ಎಲುಬಿಗೆ ಮಾತ್ರ ಈಜು ಸಾಲದು, ಅದಕ್ಕೆ ಭಾರ ಬೀಳಬೇಕು. ನೋವಿಲ್ಲದಷ್ಟು ನಡೆಯಿರಿ.

ತೂಕದ ಮೆಷಿನ್ ಮೇಲೆ ದಿನಾ ಹತ್ತಬೇಡಿ. ಮೊದಲ ವಾರ ನಿಲ್ಲದೆ ಎಷ್ಟು ಲ್ಯಾಪ್ ಹೊಡೆದಿರಿ, ಈಗ ಎಷ್ಟು? ಅದನ್ನು ಬರೆದಿಡಿ.

ಇನ್ನು ಮಲ್ಪೆ. ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಬಂದರಲ್ಲಿ ಕಟ್ಟಿಕೊಂಡಿರುತ್ತವೆ. ಕೊಳದಲ್ಲಿ ಸುಸ್ತಾದರೆ ಹಿಡಿಯಲು ಅಂಚು ಉಂಟು, ಕಡಲಲ್ಲಿ ಎಂತ ಹಿಡಿಯುತ್ತೀರಿ?